ವಸ್ತುವಿನ ಆಕಾರ ಮತ್ತು ಕ್ರಿಯಾಪದ: ಚೆರೋಕಿ ಭಾಷೆಯ ಕಲಿಕೆಯ ಚಾರಿತ್ರಿಕ ಅವಲೋಕನ

ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ವಸ್ತುವೊಂದು ದಾಟುವ ಕ್ರಿಯೆಯನ್ನು ಕನ್ನಡವು ‘ಕೊಡು’ ಎಂಬ ಒಂದೇ ಧಾತುವಿನಿಂದ ಹೇಳುತ್ತದೆ. ಕೊಡುವುದು ಹಗ್ಗವಾಗಲಿ, ಕೋಲಾಗಲಿ, ನೀರಾಗಲಿ, ಕಂಕುಳಲ್ಲಿರುವ ಕೂಸಾಗಲಿ, ಧಾತು ಬದಲಾಗುವುದಿಲ್ಲ. ಉತ್ತರ ಅಮೆರಿಕದ ಮೂಲನಿವಾಸಿಗಳಾದ ಚೆರೋಕಿ ಜನರ ಭಾಷೆಯಲ್ಲಿ ಸಂಗತಿ ಬೇರೆ. ಅಲ್ಲಿ ಕೊಡುವ ವಸ್ತು ಜೀವಂತವೇ, ಬಳುಕುವಂಥದೇ, ಉದ್ದನೆಯ ಗಡುಸು ವಸ್ತುವೇ, ದ್ರವವೇ ಎಂಬುದನ್ನು ನಿರ್ಧರಿಸಿಕೊಳ್ಳದೆ ‘ಕೊಡು’ ಎಂಬ ಮಾತನ್ನು ಆಡಲು ಬರುವುದಿಲ್ಲ. ವಸ್ತುವಿನ ಭೌತಿಕ ರೂಪಕ್ಕೆ ತಕ್ಕಂತೆ ಕ್ರಿಯಾಪದವೇ ಬದಲಾಗುತ್ತದೆ. ಭಾಷಾವಿಜ್ಞಾನಿಗಳು ಇವನ್ನು ವರ್ಗೀಕಾರಕ ಕ್ರಿಯಾಪದಗಳೆಂದು ಕರೆಯುತ್ತಾರೆ.

ಈ ವ್ಯವಸ್ಥೆಯನ್ನು ಹೊರಗಿನ ವಿದ್ವಾಂಸರು ಹೇಗೆ ಗ್ರಹಿಸಿದರು, ಆ ಭಾಷೆಯ ಮಕ್ಕಳ ಬಾಯಿಂದ ಅದು ಹೇಗೆ ಜಾರಿತು, ಈಗ ಅದನ್ನು ಮರಳಿ ಕಲಿಯುವ ಪ್ರಯತ್ನಗಳು ಹೇಗೆ ನಡೆದಿವೆ ಎಂಬ ಮೂರು ಪ್ರಶ್ನೆಗಳು ಒಂದಕ್ಕೊಂದು ಹೆಣೆದುಕೊಂಡಿವೆ. ವ್ಯಾಕರಣದ ಒಂದು ಸಣ್ಣ ಅಂಶದಂತೆ ಕಾಣುವ ಈ ವಿಷಯದಲ್ಲಿ ಒಂದು ಜನಾಂಗದ ಇನ್ನೂರು ವರ್ಷಗಳ ಚರಿತ್ರೆ ಅಡಗಿದೆ.

ಜನ ಮತ್ತು ಭಾಷೆ

ಚೆರೋಕಿ ಭಾಷೆ ಇರೊಕ್ವಾಯನ್ ಭಾಷಾಕುಟುಂಬಕ್ಕೆ ಸೇರಿದ್ದು. ಈ ಕುಟುಂಬದ ಮೊಹಾಕ್, ಸೆನೆಕಾ, ಒನೈಡಾ ಮೊದಲಾದ ಭಾಷೆಗಳು ಉತ್ತರದ ಮಹಾಸರೋವರಗಳ ಸುತ್ತಣ ಪ್ರದೇಶದವು. ದಕ್ಷಿಣದ ಶಾಖೆಯಲ್ಲಿ ಇಂದು ಉಳಿದಿರುವುದು ಚೆರೋಕಿಯೊಂದೇ. ಎರಡು ಶಾಖೆಗಳು ಸುಮಾರು ಮೂರೂವರೆ ಸಾವಿರ ವರ್ಷಗಳಷ್ಟು ಹಿಂದೆಯೇ ಬೇರ್ಪಟ್ಟಿರಬೇಕೆಂಬ ಅಂದಾಜಿದೆ. ಚೆರೋಕಿಗಳ ಮೂಲನೆಲೆ ದಕ್ಷಿಣ ಅಪಲಾಚಿಯನ್ ಪರ್ವತಶ್ರೇಣಿ. ಅಂದರೆ ಇಂದಿನ ಉತ್ತರ ಕೆರೊಲಿನಾದ ಪಶ್ಚಿಮ ಭಾಗ, ಟೆನೆಸಿಯ ಪೂರ್ವ ಭಾಗ, ಜಾರ್ಜಿಯಾದ ಉತ್ತರ ಭಾಗ ಹಾಗೂ ದಕ್ಷಿಣ ಕೆರೊಲಿನಾದ ಗುಡ್ಡಗಾಡು. ತಮ್ಮ ಭಾಷೆಯನ್ನು ಅವರು ‘ತ್ಸಲಗಿ’ ಎನ್ನುತ್ತಾರೆ.

1821ರಲ್ಲಿ ಸೆಕ್ವೊಯಾ ಎಂಬ ಚೆರೋಕಿ ಕುಶಲಕರ್ಮಿ ತನ್ನ ಭಾಷೆಗೆ ಲಿಪಿಯೊಂದನ್ನು ರೂಪಿಸಿ ಮುಗಿಸಿದ. ಇಂಗ್ಲಿಷನ್ನು ಓದಲು ಬಾರದ ವ್ಯಕ್ತಿಯೊಬ್ಬ ಏಕಾಂಗಿಯಾಗಿ ಲಿಪಿಯನ್ನು ನಿರ್ಮಿಸಿದ ಈ ಘಟನೆ ಬರವಣಿಗೆಯ ಚರಿತ್ರೆಯಲ್ಲಿ ಅಪರೂಪದ್ದು. ಇಂದು ಬಳಕೆಯಲ್ಲಿರುವ 85 ಚಿಹ್ನೆಗಳಲ್ಲಿ ಒಂದನ್ನು ಬಿಟ್ಟು ಉಳಿದೆಲ್ಲವೂ ಒಂದೊಂದು ಅಕ್ಷರವನ್ನು ಸೂಚಿಸುತ್ತವೆ. ಕನ್ನಡದ ಕ, ಕಿ, ಕು ಎಂಬ ರೂಪಗಳ ನಡುವೆ ಕಾಣುವ ಸಾಮ್ಯ ಅಲ್ಲಿಲ್ಲ; ಪ್ರತಿ ಅಕ್ಷರಕ್ಕೂ ಸ್ವತಂತ್ರ ಚಿಹ್ನೆ. 1825ರಲ್ಲಿ ಚೆರೋಕಿ ರಾಷ್ಟ್ರ ಈ ಲಿಪಿಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು. 1828ರ ಫೆಬ್ರವರಿ 21ರಂದು ನ್ಯೂ ಎಕೋಟಾದಿಂದ ಎಲಿಯಾಸ್ ಬೂಡಿನಾಟ್ ಸಂಪಾದಕತ್ವದಲ್ಲಿ ‘ಚೆರೋಕಿ ಫೀನಿಕ್ಸ್’ ಪತ್ರಿಕೆ ಎರಡು ಭಾಷೆಗಳಲ್ಲಿ ಹೊರಬಂದಿತು. ಒಂದು ಜನಾಂಗ ತನ್ನದೇ ಲಿಪಿಯಲ್ಲಿ ಪತ್ರಿಕೆ ನಡೆಸುತ್ತಿದ್ದ ಕಾಲದಲ್ಲಿಯೇ ಅದರ ಭಾಷೆಯನ್ನು ಹೊರಗಿನವರು ‘ಆದಿಮ’ವೆಂದು ಬಗೆದದ್ದು ಮುಂದಿನ ಚರ್ಚೆಗೆ ಹಿನ್ನೆಲೆಯಾಗಿದೆ.

ಐದು ವರ್ಗಗಳು

ಚೆರೋಕಿ ಕ್ರಿಯಾಪದವು ಬಹುತೇಕ ಒಂದು ವಾಕ್ಯದ ಭಾರವನ್ನು ಹೊರಬಲ್ಲದು. ಯಾರು ಯಾರಿಗೆ ಮಾಡಿದರು ಎಂಬುದನ್ನು ಪೂರ್ವಪ್ರತ್ಯಯವೂ, ಕ್ರಿಯೆ ನಡೆಯುತ್ತಿದೆಯೇ ಮುಗಿದಿದೆಯೇ ಎಂಬುದನ್ನು ಧಾತುವಿನ ನಂತರದ ಪ್ರತ್ಯಯಗಳೂ ಸೂಚಿಸುತ್ತವೆ. ವಸ್ತುಗಳನ್ನು ಕೈಯಿಂದ ಬಳಸುವ ಕ್ರಿಯೆಗಳಲ್ಲಿ, ಅಂದರೆ ಕೊಡುವುದು, ಎತ್ತಿಕೊಳ್ಳುವುದು, ಇಡುವುದು, ಒಯ್ಯುವುದು, ತರುವುದು, ಹೊಂದಿರುವುದು ಮುಂತಾದವುಗಳಲ್ಲಿ, ಇವುಗಳ ಜೊತೆಗೆ ವಸ್ತುವಿನ ವರ್ಗವೂ ಸೇರಿಕೊಳ್ಳುತ್ತದೆ.

‘ಅವನಿಗೆ ಕೊಡು’ ಎಂಬ ವಿಧಿರೂಪವನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಕೊಡುವುದು ಜೀವಂತ ಪ್ರಾಣಿಯೋ ಮಗುವೋ ಆಗಿದ್ದರೆ ‘ಹಿಕಸಿ’. ಬಟ್ಟೆ, ಹಗ್ಗಗಳಂತಹ ಬಳುಕುವ ವಸ್ತುವಾದರೆ ‘ಹಿನಂಸಿ’. ಕಸಬರಿಗೆ, ಪೆನ್ಸಿಲ್ಲುಗಳಂತಹ ಉದ್ದನೆಯ ಗಡುಸು ವಸ್ತುವಾದರೆ ‘ಹಿದಿಸಿ’. ನೀರಿನಂತಹ ದ್ರವವಾದರೆ ‘ಹಿನೆಅಂಸಿ’. ಪುಸ್ತಕ, ತಿನಿಸುಗಳಂತಹ ಅಡಕವಾದ ವಸ್ತು ಅಥವಾ ಇಂಥದೆಂದು ಗೊತ್ತುಮಾಡದ ವಸ್ತುವಾದರೆ ‘ಹಿಅಂಸಿ’. ಇಲ್ಲಿ ಅನುಸ್ವಾರದಿಂದ ಸೂಚಿಸಿರುವುದು ಮೂಗಿನಿಂದ ಹೊರಡುವ ಒಂದು ಸ್ವರವನ್ನು. ಮೊದಲ ‘ಹಿ’ ಎಂಬುದು ‘ನೀನು ಅವನಿಗೆ’ ಎಂಬ ಸಂಬಂಧವನ್ನು ತಿಳಿಸುತ್ತದೆ. ‘ನೀನು ನನಗೆ’ ಎಂದಾಗಬೇಕಾದರೆ ಅದರ ಸ್ಥಾನದಲ್ಲಿ ‘ಸ್ಗಿ’ ಬರುತ್ತದೆ. ಐದೂ ರೂಪಗಳ ಆದಿ ಅಂತ್ಯಗಳು ಒಂದೇ. ಬೇರೆಯಾಗಿರುವುದು ನಡುವಣ ಭಾಗ ಮಾತ್ರ.

ಈ ವರ್ಗೀಕರಣವು ಲಿಂಗವ್ಯವಸ್ಥೆಗಿಂತ ಭಿನ್ನವೆಂಬುದು ಗಮನಾರ್ಹ. ಸಂಸ್ಕೃತದಲ್ಲಿ ಒಂದು ನಾಮಪದದ ಲಿಂಗ ಸಾಮಾನ್ಯವಾಗಿ ಆ ಪದಕ್ಕೆ ಅಂಟಿಕೊಂಡೇ ಇರುತ್ತದೆ. ವಸ್ತುವಿನ ಸ್ಥಿತಿ ಬದಲಾದರೂ ಲಿಂಗ ಬದಲಾಗುವುದಿಲ್ಲ. ಚೆರೋಕಿಯಲ್ಲಿ ವರ್ಗವು ಹೆಸರಿಗೆ ಸೇರಿದ್ದಲ್ಲ, ಆ ಕ್ಷಣದಲ್ಲಿ ಕೈಯಲ್ಲಿರುವ ವಸ್ತುವಿನ ಸ್ಥಿತಿಗೆ ಸೇರಿದ್ದು. ನೀರು ತುಂಬಿದ ಲೋಟವನ್ನು ನೀಡುವಾಗ ದ್ರವದ ರೂಪ ಬರುತ್ತದೆ. ಅದೇ ಲೋಟ ಬರಿದಾದಾಗ ಅಡಕವಸ್ತುವಿನ ರೂಪ. ಪ್ರಾಣಿ ಸತ್ತ ಮೇಲೆ ಅದಕ್ಕೆ ಜೀವಂತ ವರ್ಗದ ರೂಪ ಸಲ್ಲುವುದಿಲ್ಲ. ಆದ್ದರಿಂದ ಇದನ್ನು ಕಲಿಯುವವರು ಪ್ರತಿ ನಾಮಪದದ ಮುಂದೆ ಅದರ ವರ್ಗವನ್ನು ಬರೆದುಕೊಂಡು ಬಾಯಿಪಾಠ ಮಾಡಿದರೆ ಸಾಲದು. ಮಾತನಾಡುವ ಮೊದಲು ವಸ್ತುವನ್ನು ನೋಡಬೇಕು: ಇದಕ್ಕೆ ಜೀವವಿದೆಯೇ, ಇದು ಹರಿಯುವುದೇ, ಬಾಗುವುದೇ, ಅಗಲಕ್ಕಿಂತ ಉದ್ದವಾಗಿ ಗಡುಸಾಗಿದೆಯೇ? ಈ ಯಾವುದೂ ಅಲ್ಲದ್ದು ಐದನೆಯ ವರ್ಗಕ್ಕೆ ಸಲ್ಲುತ್ತದೆ.

ಇದರಿಂದ ಒಂದು ಪ್ರಯೋಜನವೂ ಉಂಟು. ವಸ್ತುವಿನ ಹೆಸರನ್ನು ಹೇಳದೆ ಬರಿಯ ಕ್ರಿಯಾಪದವನ್ನು ಆಡಿದರೂ ಕೇಳುವವನಿಗೆ ಸುಳಿವು ದೊರೆಯುತ್ತದೆ. ಮೂಲೆಯಲ್ಲಿ ಕಸಬರಿಗೆಯೂ ಬಟ್ಟೆಯೂ ಇದ್ದಾಗ ‘ಹಿದಿಸಿ’ ಎಂದರೆ ಕೈ ಕಸಬರಿಗೆಯ ಕಡೆಗೆ ಹೋಗುತ್ತದೆ.

ಇರೊಕ್ವಾಯನ್ ಕುಟುಂಬದ ಬೇರೆ ಯಾವ ಭಾಷೆಯಲ್ಲಿಯೂ ಇಂತಹ ವ್ಯವಸ್ಥೆಯಿಲ್ಲ. ನವಾಹೊ, ಅಪಾಚೆ ಮೊದಲಾದ ಭಾಷೆಗಳಲ್ಲಿ ಇದನ್ನು ಹೋಲುವ ಕ್ರಿಯಾಪದಗಳಿದ್ದರೂ ಅವು ಸಂಪೂರ್ಣ ಬೇರೆಯೇ ಆದ ಅಥಬಾಸ್ಕನ್ ಕುಟುಂಬದವು. ಹಾಗಾದರೆ ಚೆರೋಕಿಗೆ ಇದು ಬಂದದ್ದೆಲ್ಲಿಂದ? ಉತ್ತರದ ಸೋದರ ಭಾಷೆಗಳಲ್ಲಿ ನಾಮಧಾತುವನ್ನು ಕ್ರಿಯಾಪದದ ಒಡಲೊಳಗೆ ಸೇರಿಸುವ ಪದ್ಧತಿ ವ್ಯಾಪಕವಾಗಿದೆ. ಚೆರೋಕಿಯಲ್ಲಿ ಆ ಪದ್ಧತಿ ನಿಂತುಹೋಗಿ, ಅದರ ಅವಶೇಷಗಳು ವರ್ಗಸೂಚಕಗಳಾಗಿ ಉಳಿದಿರಬಹುದೆಂದು ಕೆಲವು ಭಾಷಾವಿಜ್ಞಾನಿಗಳು ಊಹಿಸುತ್ತಾರೆ. ಇದು ಬೇರೆ ಬೇರೆ ಧಾತುಗಳು ಕಾಲಾಂತರದಲ್ಲಿ ಆಕಸ್ಮಿಕವಾಗಿ ಒಂದು ವ್ಯವಸ್ಥೆಯಾಗಿ ಕೂಡಿಕೊಂಡದ್ದರ ಫಲವೆಂದು ಮತ್ತೆ ಕೆಲವರ ಅಭಿಪ್ರಾಯ.

ತೊಳೆಯುವ ಕ್ರಿಯೆ: ಒಂದು ತಪ್ಪು ಗ್ರಹಿಕೆಯ ಚರಿತ್ರೆ

ಕ್ರಿಯಾಪದವು ವಸ್ತುವಿಗೆ ತಕ್ಕಂತೆ ಬದಲಾಗುವುದನ್ನು ಹೊರಗಿನವರು ಮೊದಲು ಗಮನಿಸಿದ್ದು ಇನ್ನೊಂದು ಸಂದರ್ಭದಲ್ಲಿ. 1820ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಜಾನ್ ಪಿಕರಿಂಗ್ ಮೂಲನಿವಾಸಿಗಳ ಭಾಷೆಗಳನ್ನು ಅಭ್ಯಸಿಸುತ್ತಿದ್ದ. ಚೆರೋಕಿಗಳ ನಡುವೆ ಇದ್ದ ಮಿಷನರಿಗಳ ಮೂಲಕ ‘ತೊಳೆಯುವುದು’ ಎಂಬ ಅರ್ಥದ ಪದಗಳ ಒಂದು ಪಟ್ಟಿ ಅವನಿಗೆ ದೊರೆಯಿತು. ತನ್ನ ತಲೆ ತೊಳೆಯುವುದಕ್ಕೆ ಒಂದು ಪದ, ಇನ್ನೊಬ್ಬರ ತಲೆ ತೊಳೆಯುವುದಕ್ಕೆ ಇನ್ನೊಂದು, ಮುಖಕ್ಕೊಂದು, ಕೈಕಾಲಿಗೊಂದು, ಬಟ್ಟೆಗೊಂದು, ಪಾತ್ರೆಗೊಂದು, ಮಾಂಸಕ್ಕೊಂದು. ಈ ಪಟ್ಟಿ ಪುಸ್ತಕದಿಂದ ಪುಸ್ತಕಕ್ಕೆ ಸಾಗಿತು. ತೊಳೆಯುವುದಕ್ಕೆ ಚೆರೋಕಿಯಲ್ಲಿ ಹದಿಮೂರು ಹದಿನಾಲ್ಕು ಪದಗಳಿವೆ, ಆದರೆ ‘ತೊಳೆ’ ಎಂಬ ಸಾಮಾನ್ಯ ಪದವೇ ಇಲ್ಲ. ಆದ್ದರಿಂದ ಆದಿಮ ಮನಸ್ಸಿಗೆ ಬಿಡಿಬಿಡಿಯಾದ ವಸ್ತುಗಳು ಕಾಣುತ್ತವೆಯೇ ಹೊರತು ಸಾಮಾನ್ಯ ಕಲ್ಪನೆ ಎಟುಕುವುದಿಲ್ಲ ಎಂಬ ತೀರ್ಮಾನಕ್ಕೆ ಇದು ಆಧಾರವಾಯಿತು. ಡೆನ್ಮಾರ್ಕಿನ ಪ್ರಸಿದ್ಧ ಭಾಷಾವಿಜ್ಞಾನಿ ಆಟೊ ಯೆಸ್ಪರ್ಸನ್ 1922ರ ತನ್ನ ಗ್ರಂಥದಲ್ಲಿಯೂ ಈ ಉದಾಹರಣೆಯನ್ನು ಬಳಸಿಕೊಂಡ.

1952ರಲ್ಲಿ ಆರ್ಚಿಬಾಲ್ಡ್ ಹಿಲ್ ಈ ಪಟ್ಟಿಯನ್ನು ಬಿಡಿಸಿ ನೋಡಿದ. ಹಳೆಯ ಬರಹದ ‘ಕುಲೆಸ್ತುಲ’ (ನನ್ನ ತಲೆ), ‘ತ್ಸೆಸ್ತುಲ’ (ಇನ್ನೊಬ್ಬರ ತಲೆ) ಎಂಬ ರೂಪಗಳಲ್ಲಿ ಕೊನೆಯ ಭಾಗ ಒಂದೇ. ‘ಕುಕುಸ್ವೊ’ (ನನ್ನ ಮುಖ), ‘ತ್ಸೆಕುಸ್ವೊ’ (ಇನ್ನೊಬ್ಬರ ಮುಖ) ಎಂಬಲ್ಲಿಯೂ ಹಾಗೆಯೇ. ಬದಲಾಗಿರುವುದು ಯಾರು ಯಾರನ್ನು ಎಂಬುದನ್ನು ತಿಳಿಸುವ ಪೂರ್ವಪ್ರತ್ಯಯ ಮಾತ್ರ. ಕನ್ನಡದ ‘ತೊಳೆದೆನು’, ‘ತೊಳೆದಳು’ ಎಂಬವುಗಳನ್ನು ಎರಡು ಬೇರೆ ಧಾತುಗಳೆಂದು ಎಣಿಸಿದರೆ ಎಂತಹ ಎಡವಟ್ಟಾಗುವುದೋ ಪಟ್ಟಿಯ ಬಹುಭಾಗದಲ್ಲಿ ಅಂತಹುದೇ ಆಗಿತ್ತು. ಪ್ರತ್ಯಯಗಳನ್ನು ಕಳೆದ ಮೇಲೆ ಉಳಿದ ಧಾತುಗಳು ಕೆಲವೇ. ಆ ಧಾತುಭೇದವೂ ಯುರೋಪಿನ ಭಾಷೆಗಳಲ್ಲಿ ಕಾಣದಂಥದೇನಲ್ಲ.

ಕನ್ನಡಿಗರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಕನ್ನಡದಲ್ಲಿ ಬಟ್ಟೆ ಒಗೆಯುತ್ತಾರೆ, ಕೈ ತೊಳೆಯುತ್ತಾರೆ, ಪಾತ್ರೆ ಬೆಳಗುತ್ತಾರೆ, ಬಾಯಿ ಮುಕ್ಕಳಿಸುತ್ತಾರೆ. ಸೀರೆಯನ್ನು ಉಡುವುದು, ಕುಪ್ಪಸವನ್ನು ತೊಡುವುದು, ಕಂಬಳಿಯನ್ನು ಹೊದೆಯುವುದು, ಹೂವನ್ನು ಮುಡಿಯುವುದು, ರುಮಾಲನ್ನು ಸುತ್ತುವುದು, ಕೆರವನ್ನು ಮೆಟ್ಟುವುದು. ಇಂಗ್ಲಿಷಿನ ಒಂದೇ ಕ್ರಿಯಾಪದ ನಿಲ್ಲುವಲ್ಲಿ ಕನ್ನಡಕ್ಕೆ ಆರು ಬೇಕು. ಇದನ್ನು ಮುಂದಿಟ್ಟು ಕನ್ನಡಿಗರಿಗೆ ಸಾಮಾನ್ಯ ಕಲ್ಪನೆಯ ಶಕ್ತಿಯಿಲ್ಲ ಎಂದರೆ ಅದು ಹಾಸ್ಯಾಸ್ಪದವಾಗುತ್ತದೆ. ಆದರೆ ಕನ್ನಡದ ಈ ಭೇದಗಳು ಪದಸಂಪತ್ತಿಗೆ ಸೇರಿದವು. ಅವನ್ನು ಒಂದೊಂದಾಗಿ ಕಲಿಯಬೇಕು. ಚೆರೋಕಿಯ ವರ್ಗೀಕಾರಕ ಕ್ರಿಯಾಪದಗಳಲ್ಲಿ ಅದೇ ಐದು ವರ್ಗಗಳು ಕ್ರಿಯೆಯಿಂದ ಕ್ರಿಯೆಗೆ ಮರಳಿ ಬರುತ್ತವೆ. ಅಂದರೆ ಅಲ್ಲಿರುವುದು ಸಾಮಾನ್ಯೀಕರಣದ ಕೊರತೆಯಲ್ಲ. ಜಗತ್ತಿನ ಸಕಲ ವಸ್ತುಗಳನ್ನೂ ಐದು ಗುಣಗಳಡಿ ತರುವ ಒಂದು ಸಾಮಾನ್ಯೀಕರಣವೇ ಅಲ್ಲಿದೆ.

ಇದಕ್ಕೆ ವಿರುದ್ಧವಾದ ಅತಿರೇಕದ ಬಗೆಗೂ ಎಚ್ಚರ ಅಗತ್ಯ. ಇಂತಹ ಭಾಷೆಯನ್ನಾಡುವವರು ಜಗತ್ತನ್ನೇ ಬೇರೆಯಾಗಿ ಕಾಣುತ್ತಾರೆಂದು ಹೇಳುವುದು ಸುಲಭ. ಜಾನ್ ಕ್ಯಾರೊಲ್ ಮತ್ತು ಜೋಸೆಫ್ ಕ್ಯಾಸಗ್ರಾಂಡೆ 1958ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ನವಾಹೊ ಮಕ್ಕಳಿಗೆ ಬಣ್ಣದಲ್ಲಿಯೂ ಆಕಾರದಲ್ಲಿಯೂ ಬೇರೆಯಾದ ಹಗ್ಗ, ಕೋಲುಗಳಂತಹ ವಸ್ತುಗಳನ್ನು ತೋರಿಸಿ, ಮೂರನೆಯ ವಸ್ತುವಿಗೆ ಇವುಗಳಲ್ಲಿ ಯಾವುದು ಜೋಡಿಯೆಂದು ಕೇಳಲಾಯಿತು. ನವಾಹೊ ಭಾಷೆಯೇ ಪ್ರಧಾನವಾಗಿದ್ದ ಮಕ್ಕಳು, ಇಂಗ್ಲಿಷ್ ಪ್ರಧಾನವಾಗಿದ್ದ ನವಾಹೊ ಮಕ್ಕಳಿಗಿಂತ ಹೆಚ್ಚಾಗಿ ಆಕಾರವನ್ನು ಅನುಸರಿಸಿದರು. ಆದರೆ ಬಾಸ್ಟನ್ ನಗರದ ಇಂಗ್ಲಿಷ್ ಭಾಷಿಕ ಮಕ್ಕಳೂ ಆಕಾರವನ್ನೇ ಆರಿಸಿಕೊಂಡರು. ಭಾಷೆ ಗಮನವನ್ನು ತಿದ್ದಬಲ್ಲದು. ಗಮನವನ್ನು ತಿದ್ದುವ ಸಂಗತಿ ಅದೊಂದೇ ಅಲ್ಲ ಎಂಬುದಷ್ಟೇ ಇದರಿಂದ ತಿಳಿಯುತ್ತದೆ.

ಸ್ಥಳಾಂತರ, ಶಾಲೆ, ಮೌನ

ಪಿಕರಿಂಗನ ಪಟ್ಟಿ ಪುಸ್ತಕಗಳಲ್ಲಿ ಸಂಚರಿಸುತ್ತಿದ್ದಾಗ ಆ ಭಾಷೆಯನ್ನಾಡುವ ಜನ ತಮ್ಮ ನೆಲವನ್ನೇ ಕಳೆದುಕೊಂಡರು. 1830ರ ಮೂಲನಿವಾಸಿ ಸ್ಥಳಾಂತರ ಕಾಯಿದೆ, 1835ರ ನ್ಯೂ ಎಕೋಟಾ ಒಪ್ಪಂದಗಳ ಪರಿಣಾಮವಾಗಿ 1838-39ರಲ್ಲಿ ಸುಮಾರು 16,000 ಚೆರೋಕಿಗಳನ್ನು ಸೈನ್ಯದ ಬಲದಿಂದ ಪಶ್ಚಿಮಕ್ಕೆ, ಇಂದಿನ ಒಕ್ಲಹೋಮಾಕ್ಕೆ ಅಟ್ಟಲಾಯಿತು. ಶಿಬಿರಗಳಲ್ಲಿಯೂ ದಾರಿಯಲ್ಲಿಯೂ ಸತ್ತವರ ಸಂಖ್ಯೆ ಸುಮಾರು 4,000 ಎಂದು ಸಾಮಾನ್ಯವಾಗಿ ಅಂದಾಜಿಸಲಾಗಿದೆ. ಕಣ್ಣೀರಿನ ಹಾದಿ ಎಂದು ಚರಿತ್ರೆಯಲ್ಲಿ ಹೆಸರಾದ ಈ ಘಟನೆಯಿಂದ ಭಾಷಾಸಮುದಾಯ ಎರಡಾಗಿ ಒಡೆಯಿತು. ಪರ್ವತಗಳಲ್ಲಿ ಉಳಿದುಕೊಂಡವರು ಉತ್ತರ ಕೆರೊಲಿನಾದ ಪೂರ್ವ ಚೆರೋಕಿ ಸಮುದಾಯವಾದರು. ಜಾನಪದ ವಿದ್ವಾಂಸ ಜೇಮ್ಸ್ ಮೂನಿ 1887ರಿಂದ ಕ್ಷೇತ್ರಕಾರ್ಯ ನಡೆಸಿ, 1900ರಲ್ಲಿ ಚೆರೋಕಿ ಪುರಾಣಕಥೆಗಳ ಬೃಹತ್ ಸಂಗ್ರಹವನ್ನು ಹೊರತಂದದ್ದು ಮುಖ್ಯವಾಗಿ ಇವರ ನಡುವೆ. ಅವನ ಮುಖ್ಯ ವಕ್ತೃವಾಗಿದ್ದ ಮಂತ್ರವೈದ್ಯ ‘ಅಯೂನಿನಿ’ ತನ್ನ ಮಂತ್ರಗಳನ್ನು ಸೆಕ್ವೊಯಾನ ಲಿಪಿಯಲ್ಲಿಯೇ ಬರೆದಿಟ್ಟುಕೊಂಡಿದ್ದ.

ಲಿಪಿಯಿದ್ದುದರಿಂದ ಮಂತ್ರಗಳೂ ಪತ್ರಗಳೂ ಬೈಬಲ್ ಅನುವಾದಗಳೂ ಉಳಿದವು. ಆದರೆ ಕೈಯಿಂದ ಕೈಗೆ ವಸ್ತು ದಾಟುವಾಗ ಆಡುವ ಮಾತನ್ನು ಯಾರೂ ಬರೆದಿಡುವುದಿಲ್ಲ. ಅದು ಉಳಿಯಬೇಕಾದರೆ ಮನೆಯಲ್ಲಿ ಹಿರಿಯರು ಕಿರಿಯರೊಡನೆ ಅದೇ ಭಾಷೆಯಲ್ಲಿ ಮಾತನಾಡಬೇಕು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ವಸತಿಶಾಲೆಗಳು ಈ ಕೊಂಡಿಗೇ ಪೆಟ್ಟು ಕೊಟ್ಟವು. ಮಾತೃಭಾಷೆಯನ್ನಾಡಿದ ಮಕ್ಕಳನ್ನು ಅಲ್ಲಿ ದಂಡಿಸಲಾಗುತ್ತಿತ್ತು. 1898ರ ಕರ್ಟಿಸ್ ಕಾಯಿದೆಯಿಂದ ಚೆರೋಕಿ ರಾಷ್ಟ್ರದ ಆಡಳಿತ ದುರ್ಬಲಗೊಂಡು, 1907ರಲ್ಲಿ ಆ ಪ್ರದೇಶ ಒಕ್ಲಹೋಮಾ ರಾಜ್ಯದಲ್ಲಿ ವಿಲೀನವಾಯಿತು. ಶಾಲೆಯಲ್ಲಿ ನೊಂದು ಬಂದ ತಲೆಮಾರು ತಮ್ಮ ಮಕ್ಕಳಿಗೆ ಆ ನೋವು ಬೇಡವೆಂದು ಮನೆಯಲ್ಲಿಯೂ ಇಂಗ್ಲಿಷನ್ನೇ ಆಡತೊಡಗಿತು. ಚೆರೋಕಿ ರಾಷ್ಟ್ರ 2002ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ನಲವತ್ತು ವರ್ಷದೊಳಗಿನ ನಿರರ್ಗಳ ಭಾಷಿಕರು ಕಂಡುಬರಲಿಲ್ಲ.

ಭಾಷೆ ಕ್ಷೀಣಿಸುವಾಗ ಮೊದಲು ಸವೆಯುವ ಅಂಗಗಳಲ್ಲಿ ಆಕಾರವರ್ಗೀಕರಣವೂ ಒಂದು. ಕಿರಿಯ ಭಾಷಿಕರಲ್ಲಿ ಕೆಲವರು ಐದು ರೂಪಗಳ ಬದಲು ಅನಿಶ್ಚಿತ ವರ್ಗದ ಒಂದೇ ರೂಪವನ್ನು ಎಲ್ಲ ವಸ್ತುಗಳಿಗೂ ಬಳಸುತ್ತಾರೆಂದು ವರದಿಯಾಗಿದೆ. ಇದರಿಂದ ಮಾತು ಅರ್ಥವಾಗದೆ ಹೋಗುವುದಿಲ್ಲ. ಆದರೆ ಇಂಗ್ಲಿಷಿನ ‘ಕೊಡು’ ಚೆರೋಕಿ ವೇಷದಲ್ಲಿ ಬಂದಂತಾಗುತ್ತದೆ.

ನಿಘಂಟಿನಿಂದ ಕಲಿಕೆಗೆ

ಈ ವ್ಯವಸ್ಥೆಯನ್ನು ಕಲಿಯುವವರ ಕೈಗೆಟುಕುವಂತೆ ಮಾಡಿದವರಲ್ಲಿ ಡರ್ಬಿನ್ ಫೀಲಿಂಗ್ ಅವರು ಪ್ರಮುಖರು. ಚೆರೋಕಿಯನ್ನೇ ಮಾತೃಭಾಷೆಯಾಗಿ ಆಡುತ್ತ ಬೆಳೆದ ಅವರು ವಿಲಿಯಂ ಪಲ್ಟೆ ಅವರ ಸಹಯೋಗದಲ್ಲಿ 1975ರಲ್ಲಿ ಚೆರೋಕಿ-ಇಂಗ್ಲಿಷ್ ನಿಘಂಟನ್ನು ಪ್ರಕಟಿಸಿದರು. ಪ್ರತಿ ಕ್ರಿಯಾಪದಕ್ಕೂ ಐದು ಮುಖ್ಯ ರೂಪಗಳನ್ನು ಅಲ್ಲಿ ನೀಡಲಾಗಿದೆ. ಸೆಕ್ವೊಯಾನ ಲಿಪಿಯಲ್ಲಿ ಕಾಣಿಸದ ಸ್ವರದ ದೀರ್ಘತೆ ಹಾಗೂ ಏರಿಳಿತಗಳನ್ನೂ ಗುರುತಿಸಲಾಗಿದೆ. ಬ್ರಾಡ್ ಮಾಂಟ್ಗೊಮರಿ-ಆಂಡರ್ಸನ್ ಅವರು ಒಕ್ಲಹೋಮಾದ ಚೆರೋಕಿಗೆ ಸಂಬಂಧಿಸಿದಂತೆ 2008ರಲ್ಲಿ ಸಿದ್ಧಪಡಿಸಿದ ವಿಸ್ತೃತ ವ್ಯಾಕರಣವು 2015ರಲ್ಲಿ ಪುಸ್ತಕರೂಪದಲ್ಲಿ ಬಂದಿತು.

ಆದರೆ ನಿಘಂಟಿಗೆ ಒಂದು ಮಿತಿಯಿದೆ. ಅದರಲ್ಲಿ ಐದು ಧಾತುಗಳು ಐದು ಪುಟಗಳಲ್ಲಿ ಹಂಚಿಹೋಗಬಹುದು. ಇವೆಲ್ಲ ಒಂದೇ ಕ್ರಿಯೆಯ ಮುಖಗಳೆಂಬುದು ಹೊಸಬರಿಗೆ ಹೊಳೆಯುವುದಿಲ್ಲ. ಕಲಿಯುವವರು ಐದು ರೂಪಗಳನ್ನು ಬಾಯಿಪಾಠ ಮಾಡಬಲ್ಲರು. ವಸ್ತು ಕೈಗೆ ಬಂದ ಕೂಡಲೇ ಸರಿಯಾದ ರೂಪ ನಾಲಗೆಗೆ ಬರಬೇಕಾದರೆ ನೂರಾರು ಸಲ ನಿಜವಾದ ವಸ್ತುಗಳನ್ನು ಕೊಟ್ಟು ತೆಗೆದುಕೊಂಡಿರಬೇಕು. ಮನೆಮಾತಾಗಿ ಕಲಿತ ಮಗುವಿಗೆ ಈ ಅಭ್ಯಾಸವನ್ನು ಅಡುಗೆಮನೆಯೂ ಅಂಗಳವೂ ತಾವಾಗಿಯೇ ಒದಗಿಸುತ್ತವೆ. ಪ್ರೌಢರಿಗೆ ಅದನ್ನು ಬೇರೆ ರೀತಿಯಲ್ಲಿ ಕಟ್ಟಿಕೊಡಬೇಕು.

ಚೆರೋಕಿ ಸಮುದಾಯಗಳು ಕಳೆದ ಎರಡು ದಶಕಗಳಲ್ಲಿ ರೂಪಿಸಿದ ಶಿಕ್ಷಣಕ್ರಮಗಳನ್ನು ಈ ದೃಷ್ಟಿಯಿಂದ ನೋಡಬೇಕು. ಒಕ್ಲಹೋಮಾದ ಟಾಲಕ್ವಾದಲ್ಲಿ 2001ರಲ್ಲಿ ಶಿಶುವಿಹಾರವಾಗಿ ಆರಂಭವಾದ ಸಂಸ್ಥೆ, ಚೆರೋಕಿಯಲ್ಲಿಯೇ ಪಾಠ ನಡೆಸುವ ಶಾಲೆಯಾಗಿ ಬೆಳೆಯಿತು. ಉತ್ತರ ಕೆರೊಲಿನಾದಲ್ಲಿ ನ್ಯೂ ಕಿಟುವಾ ಅಕಾಡೆಮಿ 2004ರಿಂದ ಇದೇ ಬಗೆಯ ಕೆಲಸ ಮಾಡುತ್ತಿದೆ. 2010ರ ದಶಕದಲ್ಲಿ ಆರಂಭವಾದ ಗುರು-ಶಿಷ್ಯ ಯೋಜನೆಯಲ್ಲಿ ಪ್ರೌಢ ಕಲಿಕಾರ್ಥಿಗಳು ವಾರಕ್ಕೆ 40 ಗಂಟೆಗಳಂತೆ ಎರಡು ವರ್ಷಗಳ ಕಾಲ ನಿರರ್ಗಳ ಭಾಷಿಕರ ಜೊತೆಯಲ್ಲಿ ಕಳೆಯುತ್ತಾರೆ. ಅದಕ್ಕೆ ಅವರಿಗೆ ಸಂಭಾವನೆಯೂ ದೊರೆಯುತ್ತದೆ. ಕಲಿಯುವುದನ್ನೇ ದುಡಿಮೆಯೆಂದು ಪರಿಗಣಿಸಿದ ಈ ಕ್ರಮದ ಹಿಂದೆ, ಮುರಿದುಹೋದ ಮನೆಯ ಪರಂಪರೆಗೆ ಬದಲಿ ವ್ಯವಸ್ಥೆಯೊಂದು ಬೇಕೆಂಬ ತಿಳಿವಳಿಕೆಯಿದೆ.

ಕಾಲ ಮಾತ್ರ ಅನುಕೂಲವಾಗಿಲ್ಲ. 2019ರ ಜೂನ್ ತಿಂಗಳಲ್ಲಿ ಮೂರು ಚೆರೋಕಿ ಸಮುದಾಯಗಳ ಸಂಯುಕ್ತ ಮಂಡಳಿ ಭಾಷೆಯ ವಿಷಯದಲ್ಲಿ ತುರ್ತುಪರಿಸ್ಥಿತಿಯನ್ನು ಘೋಷಿಸಿತು. ಆಗ ಉಳಿದಿದ್ದ ನಿರರ್ಗಳ ಭಾಷಿಕರು ಸುಮಾರು 2,000, ಬಹುಪಾಲು ವೃದ್ಧರು. ಅದೇ ವರ್ಷ ಚೆರೋಕಿ ರಾಷ್ಟ್ರ ಭಾಷಾ ಸಂರಕ್ಷಣೆಗಾಗಿ ಮಾಡಿದ ಶಾಸನಕ್ಕೆ ಡರ್ಬಿನ್ ಫೀಲಿಂಗ್ ಅವರ ಹೆಸರನ್ನಿಟ್ಟಿತು. ಮರುವರ್ಷ, 2020ರ ಆಗಸ್ಟಿನಲ್ಲಿ ಅವರು ನಿಧನರಾದರು. ಕೋವಿಡ್ ಲಸಿಕೆ ಬಂದಾಗ, ಆ ವರ್ಷದ ಡಿಸೆಂಬರಿನಲ್ಲಿ, ಚೆರೋಕಿ ರಾಷ್ಟ್ರ ಮೊದಲ ಸರದಿಯಲ್ಲಿಯೇ ನಿರರ್ಗಳ ಭಾಷಿಕರಿಗೂ ಸ್ಥಾನ ನೀಡಿತು. ಒಂದು ಸರಕಾರ ತನ್ನ ಭಾಷಿಕರನ್ನು ವೈದ್ಯರ ಸಾಲಿನಲ್ಲಿ ನಿಲ್ಲಿಸಿ ಕಾಪಾಡಲು ಮುಂದಾದದ್ದು ಸಮಕಾಲೀನ ಭಾಷಾಚರಿತ್ರೆಯಲ್ಲಿ ದಾಖಲಾಗಬೇಕಾದ ಸಂಗತಿ.

ಸಮಾರೋಪ

ಚೆರೋಕಿಯ ವರ್ಗೀಕಾರಕ ಕ್ರಿಯಾಪದಗಳ ಚರಿತ್ರೆಯನ್ನು ಒಟ್ಟಾಗಿ ನೋಡಿದಾಗ ಒಂದು ವಿಷಯ ಸ್ಪಷ್ಟವಾಗುತ್ತದೆ. ಪದಗಳನ್ನು ಅವು ಹುಟ್ಟುವ ಸಂದರ್ಭದಿಂದ ಕಿತ್ತು ಪಟ್ಟಿಮಾಡಿದಾಗ ವಿದ್ವಾಂಸರಿಗೆ ಅಲ್ಲಿ ಕೊರತೆ ಕಂಡಿತು. ಅದೇ ಸಂದರ್ಭದಿಂದ ಮಕ್ಕಳನ್ನು ಕಿತ್ತು ವಸತಿಶಾಲೆಗೆ ಸೇರಿಸಿದಾಗ ವ್ಯವಸ್ಥೆಯೇ ಸವೆಯಿತು. ಈಗ ನಡೆದಿರುವ ಕಲಿಕೆಯ ಪ್ರಯತ್ನಗಳು ಎಷ್ಟರಮಟ್ಟಿಗೆ ಫಲಿಸುತ್ತವೆ ಎಂಬುದು, ಹಿರಿಯರೂ ಕಿರಿಯರೂ ಒಂದೇ ಮನೆಯ, ಒಂದೇ ಕೆಲಸದ ಆವರಣದಲ್ಲಿ ಎಷ್ಟು ಹೊತ್ತು ಕಳೆಯಬಲ್ಲರು ಎಂಬುದನ್ನು ಅವಲಂಬಿಸಿದೆ.

ಜಾನಪದ ಅಧ್ಯಯನಕ್ಕೆ ಇದರಿಂದ ದೊರೆಯುವ ಪಾಠವೂ ಇಲ್ಲಿದೆ. ಕ್ಷೇತ್ರಕಾರ್ಯದಲ್ಲಿ ಕಥೆ, ಹಾಡು, ಮಂತ್ರಗಳಿಗೆ ಸಲ್ಲುವ ಗಮನ ದಿನನಿತ್ಯದ ಸಣ್ಣ ಮಾತುಗಳಿಗೆ ಸಲ್ಲುವುದು ವಿರಳ. ಮೂನಿಯ ಕಾಲದಲ್ಲಿ ಪುರಾಣಗಳನ್ನು ಹೇಳುವವರು ಇನ್ನಿರಲಾರರೆಂಬ ಆತಂಕವಿತ್ತು. ಕೋಲನ್ನೂ ಹಗ್ಗವನ್ನೂ ನೀಡುವಾಗ ಬೇರೆ ಬೇರೆ ಮಾತನ್ನಾಡುವವರೇ ಇಲ್ಲವಾದಾರೆಂದು ಯಾರೂ ಎಣಿಸಿರಲಿಲ್ಲ. ಇಂದು ಟಾಲಕ್ವಾದ ತರಗತಿಗಳಲ್ಲಿ ಪ್ರೌಢರು ಬೆವರು ಸುರಿಸಿ ಕಲಿಯುತ್ತಿರುವುದು, ನೂರೈವತ್ತು ವರ್ಷಗಳ ಹಿಂದೆ ಮೂರು ವರ್ಷದ ಮಗು ತಾಯಿಗೆ ನೀರಿನ ಪಾತ್ರೆ ನೀಡುತ್ತ ಆಡುತ್ತಿದ್ದ ಆ ಒಂದು ಪದವನ್ನು.